ಹುಲ್ಲು ಗುಮಾಸ್ತನ ಜೇಕು

ಜನರನ್ನು ಹುಲ್ಲಿಗೆ ಸಮ ಮಾಡಿ ನೋಡುತ್ತಾನೆ ಎಂದು ಅವನ ಮೇಲೆ ಯಾರೂ ದೂರು ಹೇಳುವಂತಿರಲಿಲ್ಲ. ಹುಲ್ಲಿಗೆ ಅವನಲ್ಲಿ ಬಹಳ ಮರ್ಯಾದೆಯಿತ್ತು. ಜನರನ್ನು ಅವನು ಇಟ್ಟಿದ್ದ ಜಾಗ ಅದಕ್ಕಿಂತ ಎಷ್ಟೋ ಕೆಳಗೆ.

ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಅವನು ಗುಮಾಸ್ತ. ಕಿಟಕಿಯಾಚೆ ಜನ ಗಂಟು, ಪೆಟ್ಟಿಗೆ, ಸೈಕಲ್ಲು, ಮಡಿಸಿದ ಮಂಚ ತಂದು ನಿಲ್ಲಿಸುತ್ತಿದ್ದರು. ತೂಕದವನು ಅವನ್ನು ತಕ್ಕಡಿಗೆ ಎಳೆದು ಹಾಕಿ ತೂಕ ಕೂಗುತ್ತಿದ್ದ. ಇವನು ರಸೀದಿ ಬರೆದು, ಚೀಟಿಗೆ ಅಂಟು ಸವರಿ, ಸಾಮಾನಿನ ಮೇಲೆ ಒತ್ತುತ್ತಿದ್ದ. ಅಕ್ಷರ ಮುತ್ತು ಪೋಣಿಸಿದಂತೆ; ಮಾತು ಮಾತ್ರ ಮುಳ್ಳು. "ಗಾಜಿನ ಸಾಮಾನಿದೆ ಸ್ವಾಮಿ, ಸ್ವಲ್ಪ ಜೋಪಾನ" ಎಂದವರಿಗೆ, "ಅಷ್ಟು ಜೋಪಾನ ಬೇಕಿದ್ರೆ ತೊಡೆ ಮೇಲೆ ಇಟ್ಕೊಂಡು ಹೋಗ್ಬೇಕಿತ್ತು" ಎನ್ನುತ್ತಿದ್ದ, ತಲೆ ಎತ್ತದೆ.

ಆಫೀಸಿನವರು ಅವನಿಗೆ ಹುಲ್ಲು ಗುಮಾಸ್ತ ಎಂದು ಹೆಸರಿಟ್ಟಿದ್ದರು. ಅವನಿಗೆ ಸಿಟ್ಟು ಬರಲಿ ಎಂದೇ ಇಟ್ಟದ್ದು, ಬಂತು ಕೂಡ. ಆದರೆ ಅವರು ಎಣಿಸಿದ ಕಾರಣಕ್ಕಲ್ಲ.

"ಜೇಕು ಹುಲ್ಲಲ್ಲ" ಎಂದು ಅವನು ತೂಕದವನನ್ನು ನಿಲ್ಲಿಸಿಕೊಂಡು ಹೇಳಿದ. "ಹುಲ್ಲಿನ ಕಡ್ಡಿ ದುಂಡಗಿರುತ್ತೆ, ಗಂಟಿರುತ್ತೆ. ಜೇಕಿನ ಕಡ್ಡಿಗೆ ಮೂರು ಮೂಲೆ, ಗಂಟಿಲ್ಲ. ಬೆರಳಲ್ಲಿ ಹೊಸಕಿದ್ರೆ ಕಣ್ಣು ಮುಚ್ಚಿಕೊಂಡಿರೋನಿಗೂ ಗೊತ್ತಾಗುತ್ತೆ. ನಿಮಗೆ ಕಣ್ಣು ಬಿಟ್ಟರೂ ಗೊತ್ತಾಗಲ್ಲ."

"ಗೊತ್ತಾಗಿ ಏನಾಗ್ಬೇಕು ಸಾರ್?" ಎಂದ ತೂಕದವನು.

ಅದಕ್ಕೆ ಉತ್ತರ ಕೊಡುವುದು ತನ್ನ ಘನತೆಗೆ ಕಡಿಮೆ ಎಂದು ಗುಮಾಸ್ತ ರಸೀದಿ ಪುಸ್ತಕಕ್ಕೆ ಮುಖ ತಿರುಗಿಸಿದ.

ಅವನಿಗೆ ಈ ಗೀಳು ಹತ್ತಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಒಡೆದ ಪಿಂಗಾಣಿಯ ಪೆಟ್ಟಿಗೆಯೊಂದು ಯಾರೂ ಬಿಡಿಸಿಕೊಳ್ಳದೆ ಗೋಡೌನಿನಲ್ಲಿ ಬಿದ್ದಿತ್ತು. ಅದನ್ನು ಬಿಚ್ಚಿ ಪಟ್ಟಿ ಮಾಡುವಾಗ ಒಳಗೆ ತುಂಬಿದ್ದ ಒಣಹುಲ್ಲಿನಲ್ಲಿ ಈ ಕಡೆ ಎಲ್ಲೂ ಕಾಣದ ಒಂದು ತೆನೆ ಸಿಕ್ಕಿತು. ಇದು ಯಾವ ಹುಲ್ಲು ಎಂದು ಇಡೀ ಆಫೀಸನ್ನು ಕೇಳಿದ. ಯಾರಿಗೂ ಗೊತ್ತಿರಲಿಲ್ಲ; ಗೊತ್ತಿಲ್ಲವೆಂದು ಯಾರಿಗೂ ನಾಚಿಕೆಯೂ ಇರಲಿಲ್ಲ. ಅವನ ತಿರಸ್ಕಾರಕ್ಕೆ ಅಡಿಪಾಯ ಬಿದ್ದದ್ದು ಅವತ್ತೇ ಎನ್ನಬೇಕು. ಮರುದಿನ ಹಳೆ ಪುಸ್ತಕದ ಅಂಗಡಿಗೆ ಹೋದ. ಗಿಡಗಳ ಮೇಲೆ ಮೂರು ಸಂಪುಟದ ಒಂದು ದೊಡ್ಡ ಗ್ರಂಥವಿತ್ತು. ಮೊದಲೆರಡು ಸಂಪುಟವನ್ನು ಇನ್ಯಾರೋ ಒಯ್ದಿದ್ದರು. ಉಳಿದಿದ್ದ ಮೂರನೆಯದರಲ್ಲಿ ಇದ್ದದ್ದು ಹುಲ್ಲು, ಜೇಕು, ಆಪು, ಇಂಥವೇ. ಅದನ್ನೇ ತಂದ. ಮೊದಲೆರಡು ಸಿಗಲಿ ಎಂದು ಒಂದೆರಡು ವರ್ಷ ಕಾದ. ಸಿಗದೆ ಹೋದಾಗ, ಅವುಗಳಲ್ಲಿರುವ ಗಿಡಗಳೇ ಕೀಳು ಎಂದು ತೀರ್ಮಾನಿಸಿಬಿಟ್ಟ. ಬಣ್ಣದ ಹೂವು ಬಿಡುವ ಗಿಡವೆಂದರೆ ಅವನಿಗೆ ಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟಿ ಕರೆಯುವ ವ್ಯಾಪಾರಿಯ ಹಾಗೆ. ಹೂವನ್ನು ಮೆಚ್ಚುವವರು ಆ ಚಪ್ಪಾಳೆಗೆ ಓಡಿಬರುವ ಪೆದ್ದರು.

ಹೀಗಾಗಿ ಅವನು ಕಲಿತದ್ದು ಯಾರೂ ನೋಡದ ಗಿಡಗಳನ್ನು. ಊಟದ ಬಿಡುವಿನಲ್ಲಿ, ರಜೆಯ ದಿನ, ಗೂಡ್ಸ್ ಯಾರ್ಡಿನ ಉದ್ದಕ್ಕೂ ಮೊಣಕಾಲೂರಿ ತೆವಳುತ್ತಿದ್ದ. ವ್ಯಾಗನ್ ಗುಡಿಸಿದ ಕಸದಲ್ಲಿ ದೂರದೂರದ ಬೀಜಗಳು ಬಂದು ಬೀಳುತ್ತಿದ್ದವು. ಒಂದು ಮಳೆಗೆ ಮೊಳೆತು, ಒಂದು ಬಿಸಿಲಿಗೆ ಸಾಯುತ್ತಿದ್ದವು. ಸಾಯುವ ಮೊದಲು ಇವನು ಕಿತ್ತು ತರುತ್ತಿದ್ದ. ಭೂತಗನ್ನಡಿ ಹಿಡಿದು ತೆನೆ ಬಿಡಿಸಿ, ಹಳೆ ಪತ್ರಿಕೆಯ ನಡುವೆ ಹರವಿ, ಎರಡು ಹಲಗೆಗಳ ಮಧ್ಯೆ ಬೆಲ್ಟು ಬಿಗಿದು ಒಣಗಿಸುತ್ತಿದ್ದ. ಒಣಗಿದ್ದನ್ನು ದಪ್ಪ ಹಾಳೆಗೆ ಹೊಲಿದು, ಮೂಲೆಯಲ್ಲಿ ಚೀಟಿ: ಹೆಸರು, ಜಾಗ, ತಾರೀಖು. ಪಾರ್ಸೆಲ್ಲಿಗೆ ಬರೆಯುವ ಅದೇ ಕೈಬರಹ.

ಮನೆ ಎರಡೇ ಕೋಣೆಯದು. ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ಕಟ್ಟುಗಳು. ಬೀರುವಿನ ಮೇಲೆ, ಮಂಚದ ಕೆಳಗೆ, ಬಾಗಿಲ ಹಿಂದೆ ಕಟ್ಟುಗಳು, ಅವುಗಳ ನಡುವೆ ನುಸಿಗುಳಿಗೆಯ ಘಾಟು. ಹೆಂಡತಿ ಮದುವೆಯಾಗಿ ಬಂದ ವರ್ಷ ಆ ವಾಸನೆಗೆ ತಲೆನೋವು ಬರುತ್ತದೆ ಎಂದಿದ್ದಳು. "ನಿನ್ನ ತಲೆಗೆ ಬರೋ ಅಷ್ಟು ಅದರಲ್ಲಿ ಏನಿದೆ?" ಎಂದಿದ್ದ ಅವನು. ಆಮೇಲೆ ಅವಳು ಹೇಳಲಿಲ್ಲ. ತಲೆನೋವು ಬಂದಾಗ ಹೊರಗೆ ಮೆಟ್ಟಿಲ ಮೇಲೆ ಕೂತು ಬಟ್ಟೆ ಹೊಲಿಯುತ್ತಿದ್ದಳು. ಸುತ್ತಲಿನ ನಾಲ್ಕು ಬೀದಿಯ ರವಿಕೆಗಳು ಅವಳ ಕೈಯಲ್ಲೇ ಆಗುತ್ತಿದ್ದವು.

ಅವಳ ತಮ್ಮನದು ನರ್ಸರಿ. ಗುಮಾಸ್ತನ ತಿರಸ್ಕಾರದ ಏಣಿಯಲ್ಲಿ ಕಟ್ಟಕಡೆಯ ಮೆಟ್ಟಿಲು ಈ ಭಾವಮೈದುನನಿಗೆ ಮೀಸಲು. ಹೆದ್ದಾರಿ ಪಕ್ಕದಲ್ಲಿ ಹಸಿರು ಬಲೆಯ ಚಪ್ಪರ, ಸಾಲು ಸಾಲು ಕರಿ ಪ್ಲಾಸ್ಟಿಕ್ ಚೀಲಗಳಲ್ಲಿ ಗುಲಾಬಿ, ದಾಸವಾಳ, ಎಲೆಗೆ ಬಣ್ಣ ಬಂದ ಏನೇನೋ. ಅವನು ಗಿಡಗಳಿಗೆ ಬಾಯಿಗೆ ಬಂದ ಹೆಸರಿಡುತ್ತಿದ್ದ. ಹೋದ ವರ್ಷ ಮಾರಾಟವಾಗದ ಗಿಡಕ್ಕೆ ಈ ವರ್ಷ ಮಹಾರಾಣಿ ಎಂದು ಹೆಸರಿಟ್ಟರೆ ಖರ್ಚಾಗುತ್ತಿತ್ತು.

"ಅದು ಹೋದ ವರ್ಷ ಕೆಂಪರಸಿ ಆಗಿತ್ತಲ್ಲಯ್ಯ?" ಎಂದು ಗುಮಾಸ್ತ ಒಮ್ಮೆ ಕೇಳಿದ್ದ.

"ಹೌದು ಭಾವ. ಆ ಹೆಸರಲ್ಲಿ ಯಾರೂ ತಗೊಳ್ಲಿಲ್ಲ. ಪಾಪ, ಗಿಡದ್ದೇನು ತಪ್ಪು?"

ಗುಮಾಸ್ತ ಇದನ್ನು ಸಿಕ್ಕವರ ಮುಂದೆಲ್ಲ ಹೇಳಿ ಮೂಗು ಮುರಿದ. ಬರೆಯಲು ಸರಿಯಾಗಿ ಬಾರದ, ಉಗುರಿನಲ್ಲಿ ಸದಾ ಗೊಬ್ಬರ ತುಂಬಿದ ಆ ಮನುಷ್ಯ ಮಾತ್ರ ಭಾವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. "ನಮ್ಮ ಭಾವ ಗಿಡದ ವಿಷಯದಲ್ಲಿ ಓದಿರೋರು" ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದ. ಅದನ್ನೂ ಗುಮಾಸ್ತ ದಡ್ಡತನದ ಖಾತೆಗೇ ಸೇರಿಸಿದ.

ಮೂವತ್ತೇಳನೆಯ ವಯಸ್ಸಿನಲ್ಲಿ ಅವನಿಗೆ ಆ ಜೇಕು ಸಿಕ್ಕಿತು.

ಯಾರ್ಡಿನ ತುದಿಯಲ್ಲಿ ಹಳೆಯ ನೀರಿನ ಟ್ಯಾಂಕು. ಉಗಿಬಂಡಿಗಳ ಕಾಲದಲ್ಲಿ ಅದರ ಬುಡಕ್ಕೆ ಸುರಿದ ಕಲ್ಲಿದ್ದಲ ಬೂದಿ ಆಳುದ್ದ ಗಟ್ಟಿಯಾಗಿ ಕೂತಿತ್ತು. ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಟ್ಯಾಂಕು ಸೋರುವ ಕಡೆ ಮಾತ್ರ, ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ, ನಾಲ್ಕೇ ಬೆರಳು ಎತ್ತರದ ಒಂದು ಜೇಕು ಕುಚ್ಚು ಕುಚ್ಚಾಗಿ ನಿಂತಿತ್ತು. ಎಲೆ ನೂಲಿನಷ್ಟು ಸಣ್ಣ. ಕಡ್ಡಿಯ ತುದಿಯಲ್ಲಿ ಒಂದೇ ಒಂದು ತೆನೆ, ಸುಟ್ಟ ಕಾಫಿಬೀಜದ ಬಣ್ಣ. ಮೂರನೆಯ ಸಂಪುಟದಲ್ಲಿ ಅಂಥದ್ದು ಇರಲಿಲ್ಲ. ಅವನು ಸಂಪುಟವನ್ನು ಎರಡು ಸಲ ಮೊದಲಿಂದ ಕೊನೆವರೆಗೆ ಓದಿದ. ಇರಲಿಲ್ಲ. ಆ ಸಂಜೆ ಮನೆಗೆ ನಡೆದು ಬರುವಾಗ ಬೀದಿಯ ಜನರೆಲ್ಲ ಅವನಿಗೆ ಇನ್ನೂ ಸ್ವಲ್ಪ ಕುಳ್ಳಗೆ ಕಂಡರು.

ಕರಿಬೂದಿ ಜೇಕು ಎಂದು ತಾತ್ಕಾಲಿಕವಾಗಿ ಹೆಸರಿಟ್ಟ. ಹೊಸ ಗಿಡಕ್ಕೆ ಕಂಡುಹಿಡಿದವನು ತನ್ನ ಹೆಸರನ್ನೇ ಇಟ್ಟುಕೊಂಡರೆ ಆ ವಿದ್ಯೆಯವರು ಆಡಿಕೊಂಡು ನಗುತ್ತಾರೆ. ಬೇರೆಯವರು ಗೌರವಕ್ಕೆ ಇಡಬೇಕು. ಅದಕ್ಕಾಗಿ ಮೂರು ಹಾಳೆ ತುಂಬ ವಿವರ ಬರೆದು, ಒಣಗಿಸಿದ ಮೂರು ಕುಚ್ಚು ಸೇರಿಸಿ, ಕಾಲೇಜಿನ ಸಸ್ಯಶಾಸ್ತ್ರದ ಪ್ರೊಫೆಸರಿಗೆ ಕಳಿಸಿದ. ಹೆಸರಿಡುವ ವಿಷಯ ತಮ್ಮ ವಿವೇಚನೆಗೆ ಬಿಟ್ಟದ್ದು ಎಂದು ಕೊನೆಗೆ ಬರೆದ. ಕೆಳಗೆ ತನ್ನ ಪೂರ್ತಿ ಹೆಸರನ್ನು, ಕಾಗುಣಿತ ತಪ್ಪಾಗದಿರಲೆಂದು, ಬಿಡಿಬಿಡಿಯಾಗಿ ಬರೆದ.

ಒಂದು ವಿವರವನ್ನು ಮಾತ್ರ ಅವನು ಬರೆಯಲಿಲ್ಲ. ಜೇಕಿನ ಜಾತಿ ಗುರುತಿಸುವುದು ಬೀಜದಿಂದ; ಅದನ್ನು ಅಳೆದಿದ್ದ. ಚರಂಡಿ ಬದಿಯಲ್ಲಿ ಮೊಣಕಾಲೆತ್ತರ ಬೆಳೆಯುವ ಮಾಮೂಲಿ ಜೇಕಿನ ಬೀಜಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಆ ಅಂಕಿಗಳನ್ನು ಪೆನ್ಸಿಲಿನಲ್ಲಿ ಒಂದು ಚೂರು ಕಾಗದದ ಮೇಲೆ ಗುರುತು ಮಾಡಿ, ಸಂಪುಟದ ಹಿಂದಿನ ರಟ್ಟಿನೊಳಗೆ ಸಿಕ್ಕಿಸಿಟ್ಟ. ಕಾಕತಾಳೀಯ ಎಂದುಕೊಂಡ.

ಎರಡು ತಿಂಗಳಿಗೆ ಕಾರ್ಡು ಬಂತು. ಎರಡು ಸಾಲು. "ಬೂದಿಯಲ್ಲಿ ಬೆಳೆದು ಸೊರಗಿದ ಸಾಮಾನ್ಯ ಜೇಕು ಇರಬಹುದು. ಒಳ್ಳೆಯ ಮಣ್ಣಿನಲ್ಲಿ ಬೆಳೆಸಿ ನೋಡಿ."

ಗುಮಾಸ್ತ ಕಾರ್ಡನ್ನು ಹೆಂಡತಿಯ ಮುಂದೆ ಹಿಡಿದ. "ನೋಡು. ಮೂರು ಹಾಳೆಗೆ ಎರಡು ಸಾಲು. ಕುರ್ಚಿ ಬಿಟ್ಟು ಏಳೋಕೆ ಸೋಮಾರಿತನ. ಇರಬಹುದಂತೆ!"

"ಬೆಳೆಸಿ ನೋಡಿ ಅಂದಿದಾರಲ್ಲ. ಬೆಳೆಸಿದ್ರಾಯ್ತು" ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ.

"ನಾನೇನು ನಿನ್ನ ತಮ್ಮನಾ, ಕುಂಡದಲ್ಲಿ ಗಿಡ ಇಟ್ಕೊಂಡು ನೀರು ಹುಯ್ಯೋಕೆ?"

ಅಲ್ಲಿಗೆ ಆ ಮಾತು ಮುಗಿಯಿತು. ಕಾಲೇಜು ಕಲಿತವರು ಹೇಗೆ ಕಣ್ಣಿದ್ದೂ ಕಾಣದವರು ಎಂಬುದಕ್ಕೆ ಸಾಕ್ಷಿಯಾಗಿ ಆ ಕಾರ್ಡನ್ನು ಅವನು ಹದಿನೆಂಟು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಅಂಚು ಹರಿದಾಗ ಹಿಂದೆ ಬಟ್ಟೆ ಅಂಟಿಸಿದ. ತೂಕದವನಿಗೆ ಅದು ಬಾಯಿಪಾಠವಾಗಿತ್ತು. ಪ್ರತಿ ಮಳೆಗಾಲ ಮುಗಿದ ಮೇಲೆ ಟ್ಯಾಂಕಿನ ಬುಡದಿಂದ ಕರಿಬೂದಿ ಜೇಕಿನ ನಾಲ್ಕಾರು ಕುಚ್ಚು ತಂದು ಒಣಗಿಸುವುದು ತಪ್ಪಲಿಲ್ಲ. ಮಿಕ್ಕ ಗಿಡಗಳ ಕಟ್ಟುಗಳು ನೆಲದ ಮೇಲೆ. ಇದರ ಹಾಳೆಗಳಿಗೆ ಮಾತ್ರ ತಗಡಿನ ಪೆಟ್ಟಿಗೆ.

ಅವನಿಗೆ ಐವತ್ತೈದಾದಾಗ ಯಾರ್ಡಿಗೆ ಕಾಂಕ್ರೀಟು ಹಾಕುವ ಆರ್ಡರು ಬಂತು. ಹಳೆ ಟ್ಯಾಂಕು ಕೆಡವಿ, ಲಾರಿಗಳು ತಿರುಗುವುದಕ್ಕೆ ಜಾಗ ಮಾಡುವುದು. ಗುಮಾಸ್ತ ಅರ್ಜಿ ಬರೆದ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಸಸ್ಯ ಅಲ್ಲಿದೆ, ಎರಡು ಚಾಪೆಯಷ್ಟು ಜಾಗ ಬಿಟ್ಟು ಹಾಕಿ ಎಂದು. ಕೆಲಸ ನೋಡಲು ಬಂದ ಇಂಜಿನಿಯರು ಅರ್ಜಿ ಓದಿ ಟ್ಯಾಂಕಿನ ಬುಡಕ್ಕೆ ಬಂದ.

"ಎಲ್ಲಿ ಸ್ವಾಮಿ, ತೋರಿಸಿ."

ಗುಮಾಸ್ತ ತೋರಿಸಿದ. ಇಂಜಿನಿಯರು ಬಗ್ಗಿ ನೋಡಿದ. ಆಮೇಲೆ ತನ್ನ ಬೂಟಿನ ಕಡೆ ನೋಡಿದ. ಒಂದು ಕುಚ್ಚಿನ ಮೇಲೆ ನಿಂತಿದ್ದ.

"ಕಾಲು ತೆಗೀರಿ" ಎಂದ ಗುಮಾಸ್ತ.

"ಇದಾ?"

"ಕಾಲು ತೆಗೀರಿ ಅಂದೆ."

ಇಂಜಿನಿಯರು ಕಾಲು ತೆಗೆದ. ಸುತ್ತ ನಿಂತಿದ್ದವರು ಕಿಸಕ್ಕನೆ ನಕ್ಕರು. ತೂಕದವನು ನಗಲಿಲ್ಲ, ಆದರೆ ಬೇರೆ ಕಡೆ ತಿರುಗಿ ನಿಂತ. ಗುಮಾಸ್ತನಿಗೆ ಅದು ನಗುವುದಕ್ಕಿಂತ ಹೆಚ್ಚು ಚುಚ್ಚಿತು.

ಅರ್ಜಿಗೆ ಉತ್ತರ ಬರಲಿಲ್ಲ, ಮಿಕ್ಸರು ಬಂತು. ಗುಮಾಸ್ತ ಹಿಂದಿನ ವಾರವೇ ಹೋಗಿ ಕೊನೆಯ ಬೀಜಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ತಂದಿದ್ದ. ಕಾಂಕ್ರೀಟು ಸುರಿದ ದಿನ ರಜೆ ಹಾಕಿ, ಗೂಡ್ಸ್ ಶೆಡ್ಡಿನ ಕಂಬಕ್ಕೆ ಒರಗಿ ಬೆಳಗಿನಿಂದ ಸಂಜೆವರೆಗೆ ನಿಂತು ನೋಡಿದ. ಬೂದಿಯ ಮೇಲೆ ಬೂದಿಬಣ್ಣದ್ದೇ ಇನ್ನೊಂದು ಪದರ ಹರಡಿಕೊಂಡಿತು. ಆಳುಗಳು ಹಲಗೆ ಎಳೆದು ಅದನ್ನು ನುಣ್ಣಗೆ ಮಾಡಿದರು. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಮೂರು ದಿನ ಯಾರನ್ನೂ ಬೈಯಲಿಲ್ಲ. ಹೆಂಡತಿಗೆ ಹೆದರಿಕೆಯಾದದ್ದು ಅದಕ್ಕೇ.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಅವಳು, "ತಮ್ಮ ಬರೋಕೆ ಹೇಳಿದಾನೆ, ಏನೋ ತೋರಿಸಬೇಕಂತೆ" ಎಂದಳು.

"ಕೆಂಪರಸಿಗೆ ಈ ವರ್ಷ ಏನು ಹೆಸರಂತೆ?"

"ಬನ್ನಿ ಅಂದ್ರೆ ಬನ್ನಿ."

ನರ್ಸರಿಯ ಹಿಂದುಗಡೆ, ನಲ್ಲಿಯ ಪಕ್ಕ, ಒಡಕಲು ಬಕೆಟ್ಟಿನಲ್ಲಿ ಮೊಣಕಾಲೆತ್ತರದ ಜೇಕು ಕೊಬ್ಬಿ ನಿಂತಿತ್ತು. ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಹರಡಿದ ಹತ್ತಾರು ತೆನೆ.

"ನಿಮ್ಮ ಗಿಡ ಭಾವ" ಎಂದ ಭಾವಮೈದುನ, ಮುಖ ಅರಳಿಸಿಕೊಂಡು. "ಬದುಕಿಬಿಡ್ತು!"

ಗುಮಾಸ್ತ ನೋಡಿದ. "ಇದು ಚರಂಡಿ ಜೇಕು."

"ಇಲ್ಲ ಭಾವ, ನಿಮ್ಮದೇ. ಅಕ್ಕ ತಂದುಕೊಟ್ಟದ್ದು. ಕಾಂಕ್ರೀಟು ಹಾಕೋ ಹಿಂದಿನ ದಿನ."

ಗುಮಾಸ್ತ ಹೆಂಡತಿಯ ಕಡೆ ತಿರುಗಿದ.

"ಹೌದು" ಎಂದಳು ಅವಳು. "ಹೋಗಿದ್ದೆ. ಹದಿನೆಂಟು ವರ್ಷ ಮನೇಲಿ ಅದರ ಸುದ್ದಿ ಕೇಳಿದೀನಿ, ಒಂದು ಸಲನಾದ್ರೂ ಕಣ್ಣಲ್ಲಿ ನೋಡೋಣ ಅಂತ. ನೀವಂತೂ ಕರ್ಕೊಂಡು ಹೋಗ್ಲಿಲ್ಲ. ವಾಚ್‌ಮನ್ ಬಿಟ್ಟ. ಸೌಟಲ್ಲಿ ಅಗೆದು ಒಂದು ಕುಚ್ಚು ಬೂದಿ ಸಮೇತ ಡಬ್ಬಿಗೆ ಹಾಕ್ಕೊಂಡು ಬಂದೆ."

"ನೋಡಿದ್ಯಲ್ಲ. ಏನನ್ನಿಸ್ತು?"

"ಇಷ್ಟೇನಾ ಅನ್ನಿಸ್ತು."

ಗುಮಾಸ್ತ ನಕ್ಕುಬಿಟ್ಟ, ಒಂದೇ ಹೊಳ್ಳೆ ಅರಳಿಸುವ ಅವನ ಅಭ್ಯಾಸದ ನಗು. "ಇವನ ಗೊಬ್ಬರದಲ್ಲಿ ಊರ ಕಳೆಯೆಲ್ಲ ಇದೆ. ನನ್ನ ಗಿಡ ಸತ್ತಿದೆ, ಚರಂಡಿ ಜೇಕು ಎದ್ದಿದೆ. ವ್ಯತ್ಯಾಸ ತಿಳಿಯದವರ ಕೈಗೆ ಕೊಟ್ಟರೆ ಇನ್ನೇನಾಗುತ್ತೆ?"

ಭಾವಮೈದುನ ತಲೆ ಕೆರೆದುಕೊಂಡ. "ಕಳೆ ಬಂದಿದ್ರೆ ಕೀಳ್ತಿದ್ದೆ ಭಾವ, ದಿನಾ ನೋಡ್ತಿದ್ದೆ. ಬೇಕಾದ್ರೆ ನೋಡಿ..." ಎಂದು ಬಕೆಟ್ಟನ್ನು ಬಗ್ಗಿಸಿ ಇಡೀ ಗಡ್ಡೆಯನ್ನು ಮಣ್ಣು ಸಮೇತ ಹೊರಗೆಳೆದು, ನಲ್ಲಿಯ ಕೆಳಗೆ ಹಿಡಿದು ತೊಳೆದ. ಬೇರು ಬೆಳ್ಳಗೆ ಕಂಡಿತು. ಬೇರಿನ ಬುಡದಲ್ಲಿ ಕರಿ ಬೂದಿಯ ಹರಳುಗಳು ಇನ್ನೂ ಕಚ್ಚಿಕೊಂಡಿದ್ದವು. ಅಲ್ಲಿಂದಲೇ ನಾಲ್ಕು ಬೆರಳುದ್ದದ, ನೂಲಿನಂಥ, ಒಂದೊಂದೇ ತೆನೆಯ ಒಣಗಿದ ಹಳೆ ಕಡ್ಡಿಗಳು. ಅವುಗಳ ಪಕ್ಕದಲ್ಲೇ, ಅದೇ ಬುಡದಿಂದ, ಮೊಣಕಾಲೆತ್ತರದ ಹಸಿರು ಕಡ್ಡಿಗಳು.

ಗುಮಾಸ್ತ ಭೂತಗನ್ನಡಿ ತೆಗೆದ. ಬಹಳ ಹೊತ್ತು ನೋಡಿದ. ನೀರು ಸೋರಿ ಅವನ ಚಪ್ಪಲಿ ನೆನೆಯಿತು.

"ಏನೂ ಹೇಳೋಕಾಗಲ್ಲ" ಎಂದು ಕನ್ನಡಿ ಜೇಬಿಗಿಟ್ಟ. "ಬೇರು ಹೆಣೆದುಕೊಂಡಿರಬಹುದು."

ಇರಬಹುದು ಎಂಬ ಮಾತು ಬಾಯಿಂದ ಬಿದ್ದದ್ದು ಅವನ ಕಿವಿಗೇ ಕೇಳಿಸಿತು.

ಮನೆಗೆ ಬಂದವನು ಕೆಲಸಕ್ಕೆ ಕೈಹಾಕಿದ. ಮರಳು ಮಣ್ಣು ಜರಡಿ ಹಿಡಿದು, ಹಳೆ ಬಾಣಲೆಯಲ್ಲಿ ಹಾಕಿ ಒಲೆಯ ಮೇಲೆ ಹುರಿದ; ಇದ್ದಬದ್ದ ಬೇರೆ ಬೀಜವೆಲ್ಲ ಸುಟ್ಟುಹೋಗಲಿ ಎಂದು. ಹೆಂಡತಿ ಅಡುಗೆಗೆ ಒಲೆ ಬಿಡಿಸಿಕೊಳ್ಳಲು ಕಾದು ನಿಂತಳು. "ಮಣ್ಣು ಹುರಿಯೋ ಮನೆ ಇದೊಂದೇ ಇರಬೇಕು" ಎಂದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಕುಂಡ. ಒಂದರಲ್ಲಿ ಹುರಿದ ಮಣ್ಣಿಗೆ ಗೊಬ್ಬರದ ತಿಳಿನೀರು, ಅದನ್ನೂ ಕುದಿಸಿ ಆರಿಸಿದ್ದು. ಇನ್ನೊಂದರಲ್ಲಿ ಯಾರ್ಡಿನ ಅಂಚಿನಲ್ಲಿ ಕಾಂಕ್ರೀಟಿನಾಚೆ ಉಳಿದಿದ್ದ ಬೂದಿ. ಪೊಟ್ಟಣದಿಂದ ನಲವತ್ತು ನಲವತ್ತು ಬೀಜ ಎಣಿಸಿ ಹಾಕಿದ. ಮೇಲೆ ತೆಳು ಬಟ್ಟೆ ಕಟ್ಟಿದ. ಐವತ್ತೈದು ವರ್ಷದ ಮನುಷ್ಯ, ಕುಂಡದಲ್ಲಿ ಗಿಡ ಇಟ್ಟುಕೊಂಡು, ದಿನಕ್ಕೆರಡು ಸಲ ನೀರು ಹುಯ್ದ.

ಬೂದಿಯಲ್ಲಿ ಹದಿನೈದು ಮೊಳೆತವು. ನಾಲ್ಕು ಬೆರಳಿಗೆ ನಿಂತು ಒಂದೊಂದು ತೆನೆ ಬಿಟ್ಟವು. ಮಣ್ಣಿನಲ್ಲಿ ಮೂವತ್ತೊಂದು ಮೊಳೆತವು. ಮೊದಲ ತಿಂಗಳು ಅವನು ಆಸೆ ಇಟ್ಟುಕೊಂಡಿದ್ದ. ಎರಡನೆಯ ತಿಂಗಳು ಬಟ್ಟೆಯನ್ನು ಬಿಚ್ಚಬೇಕಾಯಿತು, ಗಿಡಗಳ ತಲೆ ಅದಕ್ಕೆ ತಗಲುತ್ತಿತ್ತು. ನಾಲ್ಕನೆಯ ತಿಂಗಳಿಗೆ ಮೂವತ್ತೊಂದೂ ಮೊಣಕಾಲು ಮುಟ್ಟಿ ಕೊಡೆ ಬಿಚ್ಚಿದವು. ಚರಂಡಿ ಜೇಕು. ಒಂದಾದರೂ ಅವನ ಮಾನ ಕಾಯಲು ಕುಳ್ಳಗೆ ಉಳಿಯಲಿಲ್ಲ.

ಅವತ್ತು ಅವನು ಸಂಪುಟದ ಹಿಂದಿನ ರಟ್ಟಿನೊಳಗಿಂದ ಪೆನ್ಸಿಲಿನ ಚೂರು ಕಾಗದ ತೆಗೆದ. ಅಂಕಿಗಳು ಮಾಸಿರಲಿಲ್ಲ. ಅದನ್ನು ಹಿಡಿದುಕೊಂಡು ಕೂತ. ಗೊತ್ತಿರದಿದ್ದರೆ ದಡ್ಡ ಎನ್ನಬಹುದಿತ್ತು. ದಡ್ಡರನ್ನು ಬೈದು ಅವನಿಗೆ ಅಭ್ಯಾಸವಿತ್ತು. ಗೊತ್ತಿದ್ದೂ ಮುಚ್ಚಿಟ್ಟವನಿಗೆ ಏನೆನ್ನಬೇಕು? ಗಿರಾಕಿಗಳಿಗೆ, ಪ್ರೊಫೆಸರಿಗೆ, ಇಂಜಿನಿಯರಿಗೆ, ಹೆಂಡತಿಯ ತಮ್ಮನಿಗೆ ಬಳಸಿದ ಮಾತುಗಳನ್ನೆಲ್ಲ ಒಂದೊಂದಾಗಿ ತನ್ನ ಮೇಲೆ ಇಟ್ಟು ನೋಡಿದ. ಯಾವುದೂ ಸಾಲಲಿಲ್ಲ. ಕೆಂಪರಸಿಯನ್ನು ಮಹಾರಾಣಿ ಎಂದವನು ಗಿಡ ಮಾರುವುದಕ್ಕಾದರೂ ಹಾಗೆಂದಿದ್ದ. ತಾನು ಯಾರಿಗೆ ಏನು ಮಾರಲು ಹೊರಟಿದ್ದೆ?

ಒಣಗಿಡದ ಹಾಳೆಗಳ ವಿಷಯದಲ್ಲಿ ಒಂದು ಕಟ್ಟಳೆಯಿದೆ. ಹೆಸರು ತಪ್ಪಾದರೆ ಹಳೆ ಚೀಟಿ ಕೀಳುವಂತಿಲ್ಲ, ಹೊಡೆದು ಹಾಕುವಂತಿಲ್ಲ. ಅದರ ಪಕ್ಕದಲ್ಲಿ ಹೊಸ ಚೀಟಿ ಅಂಟಿಸಬೇಕು. ಯಾರು ತಪ್ಪಿದರು, ಯಾರು ತಿದ್ದಿದರು ಎಂದು ನೋಡುವವರೆಲ್ಲರಿಗೂ ಕಾಣಬೇಕು. ತಗಡಿನ ಪೆಟ್ಟಿಗೆಯಲ್ಲಿ ಅರವತ್ತಮೂರು ಹಾಳೆಗಳಿದ್ದವು. ಎಲ್ಲ ಸುಟ್ಟುಬಿಡೋಣ ಎಂದು ಒಮ್ಮೆ ಅನ್ನಿಸದೆ ಇರಲಿಲ್ಲ; ಒಲೆ ಹತ್ತಿರದಲ್ಲೇ ಇತ್ತು. ಅವನು ಅಂಟಿನ ಬಾಟಲಿ ತಂದು ಕೂತ. ಅರವತ್ತಮೂರು ಚೀಟಿ ಬರೆದ. "ಸಾಮಾನ್ಯ ಜೇಕು. ಬೂದಿಯಲ್ಲಿ ಸೊರಗಿದ್ದು. ಮೊದಲ ಹೆಸರು ತಪ್ಪು. ತಪ್ಪೆಂಬ ಶಂಕೆಗೆ ಕಾರಣವಿದ್ದೂ ಇಟ್ಟದ್ದು." ಬರಹ ಎಂದಿನಂತೆ ಮುತ್ತು. ಕೊನೆಕೊನೆಯ ಚೀಟಿಗಳಿಗೆ ಹೆಂಡತಿ ಅಂಟು ಸವರಿಕೊಟ್ಟಳು.

"ಇಷ್ಟು ಉದ್ದ ಬರೀಬೇಕಾ?" ಎಂದಳು.

"ಬರೀಬೇಕು."

"ಒಂದರಲ್ಲಿ ಬರೆದು ಸುಮ್ಮನಾಗಬಹುದಿತ್ತು."

"ಹದಿನೆಂಟು ವರ್ಷ ಒಂದರಲ್ಲಿ ಸುಮ್ಮನಾದ್ನಾ?"

ಅವಳು ಮುಂದಿನ ಚೀಟಿ ತೆಗೆದುಕೊಂಡಳು.

ಆಮೇಲಿನ ವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪ್ರೊಫೆಸರ ಮನೆ ಹುಡುಕಿಕೊಂಡು ಹೋದ. ಪ್ರೊಫೆಸರು ನಿವೃತ್ತಿಯಾಗಿ ಹತ್ತು ವರ್ಷ. ಬಾಗಿಲು ತೆರೆದದ್ದು ಕೈಗೆ ರಬ್ಬರ್ ಗವಸು ಹಾಕಿದ ಮುದುಕ. ಅಂಗಳದ ತುಂಬ ಗುಲಾಬಿ. ಗುಲಾಬಿ ನೋಡಿದ್ದೇ ಗುಮಾಸ್ತನಿಗೆ ಹಿಂದಕ್ಕೆ ಹೋಗಿಬಿಡೋಣ ಎನ್ನಿಸಿತು. ಆದರೂ ನಿಂತು, ಬಟ್ಟೆ ಅಂಟಿಸಿದ ಆ ಕಾರ್ಡನ್ನು ಮುಂದೆ ಚಾಚಿ, "ನೀವು ಬರೆದದ್ದು ಸರಿ. ನಾನು ಬೆಳೆಸಿ ನೋಡಿದೆ" ಎಂದ.

ಪ್ರೊಫೆಸರು ಕನ್ನಡಕ ಮೇಲೆತ್ತಿ ಕಾರ್ಡು ಓದಿದರು. ತಿರುಗಿಸಿ ನೋಡಿದರು. "ಅಕ್ಷರ ನನ್ನದೇ. ಯಾವ ಜೇಕು ಇದು?"

ಗುಮಾಸ್ತ ಹೇಳಿದ. ಟ್ಯಾಂಕು, ಬೂದಿ, ಮೂರು ಹಾಳೆಯ ಕಾಗದ.

"ನೆನಪಿಗೆ ಬರ್ತಿಲ್ಲ" ಎಂದರು ಅವರು, ತುಂಬಾ ಸೌಜನ್ಯದಿಂದ. "ಆಗ ಇಂಥ ಕಾಗದ ಬಹಳ ಬರ್ತಿದ್ವು. ಎಲ್ಲರಿಗೂ ಹೀಗೇ ಬರೀತಿದ್ದೆ ಅನ್ಸುತ್ತೆ. ಯಾರೂ ಬೆಳೆಸಿ ನೋಡಿದ್ದು ನನಗೆ ಗೊತ್ತಿಲ್ಲ. ನೀವೇ ಮೊದಲು."

ಹದಿನೆಂಟು ವರ್ಷ ಅವನು ಈ ಮನುಷ್ಯನ ಜೊತೆ ಮನಸ್ಸಿನಲ್ಲೇ ಜಗಳ ಆಡಿದ್ದ. ಆ ಮನುಷ್ಯನಿಗೆ ಅರ್ಧ ನಿಮಿಷದ ನೆನಪೂ ಇರಲಿಲ್ಲ. ಕೂರಲು ಹೇಳಿದ ಕುರ್ಚಿಯಲ್ಲಿ ಗುಮಾಸ್ತ ಕೂತ. ಟೀ ಬಂತು.

"ಯಾರ್ಡಿನಲ್ಲಿ ಬೇರೇನು ಸಿಕ್ಕಿತ್ತು ನಿಮಗೆ?" ಪ್ರೊಫೆಸರು ಕೇಳಿದರು.

"ಕಸ. ವ್ಯಾಗನ್ನಿನಲ್ಲಿ ಬಂದದ್ದು. ಒಂದು ವರ್ಷ ಇದ್ದು ಇನ್ನೊಂದು ವರ್ಷ ಇರಲ್ಲ."

"ತಾರೀಖು ಬರೆದಿದೀರಾ?"

"ತಾರೀಖು ಬರೀದೆ ಯಾರಾದ್ರೂ ಹಾಳೆ ಮಾಡ್ತಾರಾ?" ಎಂದ ಗುಮಾಸ್ತ, ಹಳೆಯ ದನಿಯಲ್ಲಿ.

ಮುದುಕರು ಗವಸು ಕಳಚಿ ಮೇಜಿನ ಮೇಲಿಟ್ಟರು. ಯಾವ ಗಿಡ ಯಾವ ವರ್ಷ ಎಲ್ಲಿಂದ ರೈಲು ಹತ್ತಿ ಬಂತು ಎಂದು ಇಪ್ಪತ್ತೊಂಬತ್ತು ವರ್ಷ ಒಬ್ಬರೇ ಕೂತು ಬರೆದಿಟ್ಟದ್ದು ಕಾಲೇಜಿನಲ್ಲಿ ಯಾರ ಬಳಿಯೂ ಇಲ್ಲ, ಅವನ್ನು ಕೊಡುತ್ತೀರಾ ಎಂದು ಕೇಳಿದರು. ಗುಮಾಸ್ತನಿಗೆ ಮೊದಲು ಗೇಲಿ ಎನ್ನಿಸಿತು. ಮುಖ ನೋಡಿದ, ಗೇಲಿಯಿರಲಿಲ್ಲ. ಚಿನ್ನವೆಂದು ಪೆಟ್ಟಿಗೆಯಲ್ಲಿಟ್ಟದ್ದನ್ನು ಬಿಟ್ಟು ಬಾಗಿಲ ಹಿಂದೆ ಒತ್ತಿಟ್ಟದ್ದನ್ನು ಬೇಡುವ ಇವರ ಅಭಿರುಚಿಯೇ ಇಷ್ಟು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟ. ಆದರೆ ಒಪ್ಪಿಕೊಂಡ. ಕಾಲೇಜಿನ ವ್ಯಾನು ಬಂದು ಸಾವಿರದ ಇನ್ನೂರು ಹಾಳೆ ಒಯ್ದಿತು. ಮುರಿದ ಸ್ಟೂಲುಗಳನ್ನು ಹೊರಗೆ ಹಾಕಿ ಒಂದು ಕೋಣೆ ಮಾಡಿದರು. ಬೋರ್ಡಿನಲ್ಲಿ ಅವನ ಹೆಸರು ಬರೆದರು. ಕಾಗುಣಿತ ತಪ್ಪಿತ್ತು. ಅವನು ಹೋಗಿ ನೋಡಿ, ಸರಿ ಮಾಡಿಸದೆ ಬಂದ.

ಎರಡನೆಯ ಕೋಣೆ ಖಾಲಿಯಾಯಿತು. ಹೆಂಡತಿ ಕಿಟಕಿ ತೆರೆದು ಹೊಲಿಗೆ ಯಂತ್ರವನ್ನು ಅಲ್ಲಿಗೆ ತಂದಿಟ್ಟುಕೊಂಡಳು. ಅವಳ ತಲೆನೋವು ಹೋಯಿತೇ ಎಂದು ಅವನು ಕೇಳಲಿಲ್ಲ, ಗಮನಿಸಿದ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾರದೆ ಅವನು ದಿನಾ ನರ್ಸರಿಗೆ ಹೋಗತೊಡಗಿದ. ಭಾವಮೈದುನ ಕುರ್ಚಿ ಹಾಕಿಸಿದ. ಕ್ಷಮೆ ಕೇಳುವುದು ಗುಮಾಸ್ತನ ಜಾಯಮಾನದಲ್ಲಿರಲಿಲ್ಲ. ಬೇರು ತೊಳೆದು ತೋರಿಸಿದ ಆ ಕೈಯನ್ನು ಮಾತ್ರ ಅವನು ಮತ್ತೆ ಆಡಿಕೊಳ್ಳಲಿಲ್ಲ. ಗಿರಾಕಿಗಳ ವಿಷಯದಲ್ಲಿ ಅಂಥ ಮುಲಾಜಿರಲಿಲ್ಲ.

"ಇದು ಬಾಲ್ಕನಿಯಲ್ಲಿ ಬರುತ್ತಾ?" ಎಂದು ಒಬ್ಬ ಹೆಂಗಸು ಗುಲಾಬಿ ಗಿಡ ಎತ್ತಿ ಹಿಡಿದು ಕೇಳಿದಳು.

"ಬರಲ್ಲ" ಎಂದ ಗುಮಾಸ್ತ. "ಎರಡು ವಾರಕ್ಕೆ ಸಾಯುತ್ತೆ. ನೀವು ಮೊದಲ ವಾರ ಮುಳುಗೋ ಹಾಗೆ ನೀರು ಹಾಕ್ತೀರಿ, ಎರಡನೇ ವಾರ ಮರೀತೀರಿ."

ಹೆಂಗಸು ಗಿಡ ಕೆಳಗಿಟ್ಟಳು. ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅದನ್ನೂ, ಪಕ್ಕದ ಇನ್ನೊಂದನ್ನೂ ಎತ್ತಿಕೊಂಡು, "ಎಷ್ಟು ದಿನಕ್ಕೊಂದು ಸಲ ಹಾಕ್ಬೇಕು, ಅದನ್ನ ಹೇಳಿ" ಎಂದಳು.

ಭಾವಮೈದುನ ಅತ್ತ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದ. ಭಾವ ಕೂರಲು ಬಂದಾಗಿನಿಂದ ಜನ ಎರಡೆರಡು ಒಯ್ಯುತ್ತಿದ್ದರು. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಗುಮಾಸ್ತ ಬೆರಳನ್ನು ಚೀಲದ ಮಣ್ಣಿನಲ್ಲಿ ಊರಿ, ತೇವ ಎಲ್ಲಿಯವರೆಗಿದೆ ಎಂದು ಆ ಹೆಂಗಸಿಗೆ ತೋರಿಸಿಕೊಟ್ಟ. ಅವಳು ಹೋದ ಮೇಲೆ, "ಸಾಯಿಸ್ತಾಳೆ, ನೋಡ್ತಿರು" ಎಂದು ಉಗುರಿನೊಳಗಿನ ಗೊಬ್ಬರವನ್ನು ಕಡ್ಡಿಯಿಂದ ತೆಗೆಯುತ್ತ ಕೂತ.